ನಡುಗೋಡೆ ರಿಪೇರಿ: ಖರ್ಚು ಯಾರದು, ಹೊಣೆ ಯಾರದು?

ಸೆಮಿಸ್ಟರ್ ರಜೆಗೆ ಊರಿಗೆ ಹೋದ ಸಿವಿಲ್ ವಿದ್ಯಾರ್ಥಿಯನ್ನು ಮನೆಯಲ್ಲಿ ಯಾರೂ ಬೆಂಡಿಂಗ್ ಮೊಮೆಂಟ್ ಬಗ್ಗೆ ಕೇಳುವುದಿಲ್ಲ. ಕೇಳುವ ಪ್ರಶ್ನೆಯೇ ಬೇರೆ. "ಪಕ್ಕದ ಮನೆ ಕಡೆಯಿಂದ ನೀರು ಇಳಿದು ನಮ್ಮ ಗೋಡೆ ನೆನೀತಾ ಇದೆ. ರಿಪೇರಿ ಯಾರು ಮಾಡಿಸ್ಬೇಕು? ನೀನು ಇಂಜಿನಿಯರ್ ಅಲ್ವಾ, ಹೇಳು." ಮೆಕ್ಯಾನಿಕಲ್, ಕಂಪ್ಯೂಟರ್ ಸೈನ್ಸ್ ಓದುವವರನ್ನೂ ಬಿಡುವುದಿಲ್ಲ. ಊರಿನವರ ಪಾಲಿಗೆ ಎಲ್ಲ ಇಂಜಿನಿಯರೂ ಮನೆ ಕಟ್ಟುವ ಇಂಜಿನಿಯರೇ.

ಈ ಪ್ರಶ್ನೆಗೆ ಉತ್ತರಿಸಲು ಸ್ವಲ್ಪ ಇಂಜಿನಿಯರಿಂಗ್ ಬೇಕು, ಸ್ವಲ್ಪ ಕಾನೂನು ಬೇಕು. ಎರಡನ್ನೂ ಒಟ್ಟಿಗೆ ಯಾರೂ ಕಲಿಸುವುದಿಲ್ಲ. ವಕೀಲರಿಗೆ ನೀರು ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗುವುದಿಲ್ಲ, ಮೇಸ್ತ್ರಿಗೆ ಗೋಡೆ ಯಾರದೆಂದು ಗೊತ್ತಿರುವುದಿಲ್ಲ. ಇವೆರಡರ ನಡುವೆ ಗೋಡೆ ಮಾತ್ರ ನೆನೆಯುತ್ತಲೇ ಇರುತ್ತದೆ. ಆದ್ದರಿಂದ ಎರಡನ್ನೂ ಒಂದೇ ಕಡೆ ಇಟ್ಟು ನೋಡುವ ಪ್ರಯತ್ನವನ್ನು ನಾವು ಇಲ್ಲಿ ಮಾಡಿದ್ದೇವೆ.

ಯಾಕೆ ಉಳವಿ?

ಉದಾಹರಣೆಗೆ ಉಳವಿಯನ್ನು ತೆಗೆದುಕೊಳ್ಳೋಣ. ಉಳವಿ ಎಂದ ಕೂಡಲೇ ಹಲವರಿಗೆ ಉತ್ತರ ಕನ್ನಡದ ಜೋಯಿಡಾ ಕಡೆಯ ಚೆನ್ನಬಸವಣ್ಣನವರ ಕ್ಷೇತ್ರ ನೆನಪಾಗುತ್ತದೆ. ಅದಲ್ಲ. ಇದು ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಹೋಬಳಿ ಊರು. ನಮ್ಮ ಪ್ರಶ್ನೆಗೆ ಬೇಕಾದ ಎಲ್ಲ ಸಾಮಗ್ರಿಯೂ ಈ ಸೀಮೆಯ ಮನೆಗಳಲ್ಲಿ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಹೊಡೆಯುವ ಮಳೆ. ನೀರು ಹೀರಿಕೊಳ್ಳುವ ಜಂಬಿಟ್ಟಿಗೆ ಅಥವಾ ಮಣ್ಣಿನ ಗೋಡೆ. ಮಂಗಳೂರು ಹೆಂಚಿನ ಇಳಿಜಾರು ಮಾಡು. ಬೀದಿಯುದ್ದಕ್ಕೂ ಒಂದಕ್ಕೊಂದು ತಾಗಿ ನಿಂತ ಮನೆಗಳು.

ಇನ್ನೊಂದು ಸಾಮಗ್ರಿ ಕಣ್ಣಿಗೆ ಕಾಣುವುದಿಲ್ಲ, ಅದು ಪಾಲು. ನಮ್ಮ ಕಡೆ ಅಂಟಿಕೊಂಡ ಎರಡು ಮನೆಗಳು ಬಹಳ ಸಲ ಮೊದಲು ಒಂದೇ ಮನೆ. ಅಣ್ಣತಮ್ಮಂದಿರು ಹಿಸ್ಸೆಯಾದಾಗ ಜಗಲಿಯ ಮಧ್ಯೆ ಒಂದು ಗೋಡೆ ಎದ್ದಿರುತ್ತದೆ. ಗದ್ದೆ, ತೋಟ, ಬಾವಿ, ಹಿತ್ತಲ ಹಲಸಿನ ಮರದವರೆಗೆ ಎಲ್ಲವನ್ನೂ ಪಾಲುಪಟ್ಟಿಯಲ್ಲಿ ಬರೆದವರು ಆ ಗೋಡೆ ಯಾರದೆಂದು ಬರೆಯಲು ಮರೆತಿರುತ್ತಾರೆ. ಒಂದು ತಲೆಮಾರು ಅದು ನಡೆಯುತ್ತದೆ, ಮೊಮ್ಮಕ್ಕಳ ಕಾಲಕ್ಕೆ ಗೋಡೆ ಬಾಯಿ ಬಿಡುತ್ತದೆ.

ವಿಷಯ ಸುಲಭವಾಗಲು ಒಂದು ಕಲ್ಪಿತ ಜೋಡಿಮನೆ ಇಟ್ಟುಕೊಳ್ಳೋಣ. ಬಲಕ್ಕೆ ಮೂಡಲ ಮನೆ, ಎಡಕ್ಕೆ ಪಡುವಲ ಮನೆ. ನಡುವೆ 23 ಸೆಂಟಿಮೀಟರ್ ದಪ್ಪದ, ಗಾರೆಯಲ್ಲಿ ಕಟ್ಟಿದ ಗೋಡೆ. ಎರಡೂ ಕಡೆಯ ತೊಲೆಗಳ ತುದಿ ಅದರ ಮೇಲೆ ಕೂತಿವೆ. ಮೂಡಲ ಮನೆಯವರು ತಮ್ಮ ಭಾಗ ಕೆಡವಿ ತಾರಸಿ ಮನೆ ಕಟ್ಟಿದರು. ಪಡುವಲ ಮನೆ ಹೆಂಚಿನದಾಗಿಯೇ ಉಳಿಯಿತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಪಡುವಲ ಮನೆಯ ನಡುಕೋಣೆಯಲ್ಲಿ ಗೋಡೆ ಹಸಿಯಾಯಿತು, ಒಂದು ಬಿರುಕೂ ಬಂತು. "ನಿಮ್ಮ ಕಟ್ಟಡದಿಂದಲೇ ಆಗಿದ್ದು" ಎಂದು ಇವರು. "ನಿಮ್ಮ ಗೋಡೆ ಅಜ್ಜನ ಕಾಲದ್ದು, ಅದಕ್ಕೆ ನಾವೇನು ಮಾಡೋಣ" ಎಂದು ಅವರು. ಹೋಬಳಿಯ ಹೆಸರು ಬದಲಾಯಿಸಿದರೆ ಇದು ಯಾವ ಊರಿನ ಕಥೆಯೂ ಹೌದು.

ಕೇಳಬೇಕಾದ ಎರಡು ಪ್ರಶ್ನೆ

ಇಂಥ ಜಗಳದಲ್ಲಿ ಎಲ್ಲರೂ ಮೊದಲು ಕೇಳುವುದು "ಗೋಡೆ ಯಾರದು?" ಎಂದು. ಪ್ರಶ್ನೆ ತಪ್ಪಲ್ಲ, ಆದರೆ ಅದೊಂದೇ ಸಾಲದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜಂಟಿ ಗೋಡೆಗಳಿಗೆಂದೇ 1996ರಲ್ಲಿ ಒಂದು ಪ್ರತ್ಯೇಕ ಕಾಯ್ದೆ ಬಂತು. ಅಲ್ಲಿ ಜಂಟಿ ಗೋಡೆಯ ಮೇಲೆ ಕೆಲಸ ಶುರುಮಾಡುವ ಮುನ್ನ ಪಕ್ಕದವರಿಗೆ ಎರಡು ತಿಂಗಳು ಮೊದಲೇ ಲಿಖಿತ ನೋಟಿಸ್ ಕೊಡಬೇಕು. ಒಪ್ಪಿಗೆ ಆಗದಿದ್ದರೆ ಸರ್ವೇಯರ್ ತೀರ್ಮಾನಿಸುತ್ತಾರೆ. ಗೋಡೆ ಕೆಟ್ಟು ರಿಪೇರಿ ಮಾಡಬೇಕಾದಾಗ ಖರ್ಚು ಹಂಚಲು ಆ ಕಾಯ್ದೆ ನೋಡುವುದು ಎರಡು ವಿಷಯ: ಗೋಡೆಯನ್ನು ಯಾರು ಎಷ್ಟು ಬಳಸುತ್ತಿದ್ದಾರೆ, ಕೆಟ್ಟದ್ದಕ್ಕೆ ಯಾರು ಎಷ್ಟು ಕಾರಣ.

ಭಾರತದಲ್ಲಿ ಇಂಥ ಪ್ರತ್ಯೇಕ ಕಾಯ್ದೆ ಇಲ್ಲ. ಆದರೆ ಈ ಎರಡು ಪ್ರಶ್ನೆಗಳನ್ನು ನಾವು ಉಳವಿಯ ಜಗಲಿಯಲ್ಲಿ ಕೂತು ಕೇಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಬಳಕೆ ಯಾರದು? ಕಾರಣ ಯಾರದು? ಹಾನಿ ಯಾರ ಕಡೆ ಕಾಣಿಸುತ್ತಿದೆ ಎನ್ನುವುದರಿಂದ ಹೊಣೆ ತೀರ್ಮಾನವಾಗುವುದಿಲ್ಲ. ನೀರು ಮೂಡಲಲ್ಲಿ ಹುಟ್ಟಿ ಪಡುವಲಲ್ಲಿ ಕಾಣಿಸಿಕೊಳ್ಳಬಹುದು, ತಿರುಗಾಮುರುಗಾ ಕೂಡ ಆಗಬಹುದು.

ಕಾರಣ ಹುಡುಕುವುದು ನಮ್ಮ ಕೆಲಸ

ಇಲ್ಲಿಂದ ಮುಂದೆ ಇಂಜಿನಿಯರಿಂಗ್. ಹಸಿ ಎಲ್ಲಿದೆ ಎನ್ನುವುದೇ ಮೊದಲ ಸಾಕ್ಷಿ.

ಗೋಡೆಯ ಮೇಲ್ಭಾಗದಲ್ಲಿ ಶುರುವಾಗಿ ಕೆಳಗಿಳಿಯುವ ಹಸಿ ಸಾಮಾನ್ಯವಾಗಿ ಮಾಡಿನಿಂದ ಬಂದದ್ದು. ಬುಡದಿಂದ ಒಂದು ಮೀಟರ್ ಆಸುಪಾಸಿನವರೆಗೆ ಉದ್ದಕ್ಕೂ ಒಂದೇ ಮಟ್ಟದಲ್ಲಿದ್ದು, ಮೇಲ್ಗೆರೆಯಲ್ಲಿ ಬಿಳಿ ಉಪ್ಪು ಕಟ್ಟಿದ್ದರೆ ನೆಲದ ನೀರು ಲೋಮನಾಳಗಳ ಮೂಲಕ ಏರುತ್ತಿದೆ ಎಂದರ್ಥ. ಒಂದೇ ಕಡೆ ತೇಪೆಯಂತೆ ಇದ್ದು, ಏಪ್ರಿಲ್ ಬಿಸಿಲಲ್ಲೂ ಆರದಿದ್ದರೆ ಅನುಮಾನ ಪೈಪಿನ ಮೇಲೆ ಹೋಗಬೇಕು. ಮಳೆ ನಿಂತ ಒಂದೆರಡು ದಿನದಲ್ಲಿ ಆರಿದರೆ ಪೈಪು ನಿರಪರಾಧಿ.

ಇದನ್ನು ಖಚಿತ ಮಾಡಿಕೊಳ್ಳಲು ದುಬಾರಿ ಉಪಕರಣ ಬೇಡ. ಒಂದು ಅಡಿ ಚೌಕದ ಪಾಲಿಥೀನ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದೆರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದರೆ ತೇವ ಗೋಡೆಯೊಳಗಿನದು. ಹೊರಮೈಯಲ್ಲಿ ಕಟ್ಟಿದರೆ ಅದು ಕೋಣೆಯ ಗಾಳಿಯ ತೇವ, ಪಕ್ಕದವರನ್ನು ಬಯ್ಯುವ ಬದಲು ಕಿಟಕಿ ತೆಗೆದರೆ ಸಾಕು. ಪಕ್ಕದವರ ಸ್ನಾನದ ಮನೆಯ ಮೇಲೆ ಅನುಮಾನವಿದ್ದರೆ, ಅವರ ಒಪ್ಪಿಗೆ ಪಡೆದು ಮೋರಿಗೆ ಬಣ್ಣದ ನೀರು ಬಿಟ್ಟು ನೋಡಬಹುದು. ಈ ಪರೀಕ್ಷೆಯನ್ನು ಎರಡೂ ಮನೆಯವರು ನಿಂತು ನೋಡುವಾಗಲೇ ಮಾಡಬೇಕು. ಒಬ್ಬರೇ ಮಾಡಿದ ಪರೀಕ್ಷೆ ಇನ್ನೊಬ್ಬರಿಗೆ ಆರೋಪವಾಗಿ ಕೇಳಿಸುತ್ತದೆ.

ನಮ್ಮ ಜೋಡಿಮನೆಯಲ್ಲಿ ನೋಡಲೇಬೇಕಾದ ಜಾಗ ಹಳೆಯ ಹೆಂಚಿನ ಮಾಡು ಹೊಸ ಗೋಡೆಗೆ ತಾಗುವ ಸಂದು. ಮೊದಲು ಮಾಡು ಎರಡೂ ಮನೆಗೆ ಒಂದೇ ಸಮ ಹಾಸಿತ್ತು. ಈಗ ಅರ್ಧ ಮಾಡು ಹೋಗಿ ಅಲ್ಲಿ ಎತ್ತರದ ಗೋಡೆ ಎದ್ದಿದೆ. ಆ ಗೋಡೆಗೆ ಹೊಡೆದ ಮಳೆಯೆಲ್ಲ ಸಂದಿನ ಮೇಲೆ ಇಳಿಯುತ್ತದೆ. ತಗಡಿನ ಒಂದು ಅಂಚನ್ನು ಗೋಡೆಯ ಗೀರಿನೊಳಗೆ ಸೇರಿಸಿ, ಇನ್ನೊಂದನ್ನು ಹೆಂಚಿನ ಮೇಲೆ ಇಳಿಬಿಟ್ಟು ಮುಚ್ಚದಿದ್ದರೆ ನೀರು ಸೀದಾ ನಡುಗೋಡೆಯ ತಲೆಗೆ ಹೋಗುತ್ತದೆ. ಸಿಮೆಂಟ್ ಮೆತ್ತಿದರೆ ಒಂದು ವರ್ಷ ಬರಬಹುದು. ಹೆಂಚು, ಮರ, ಕಾಂಕ್ರೀಟ್ ಮೂರೂ ಬಿಸಿಲಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದರಿಂದ ಆ ಮೆತ್ತಿಗೆ ಸೀಳುವುದು ಖಂಡಿತ.

ಇನ್ನೊಂದು ತಾರಸಿಯ ನೀರು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 50 ಚದರ ಮೀಟರ್ ತಾರಸಿಯ ಮೇಲೆ ಗಂಟೆಗೆ 50 ಮಿಲಿಮೀಟರ್ ಮಳೆ ಸುರಿದರೆ 2,500 ಲೀಟರ್. ಅಷ್ಟೂ ಒಂದು ಸಣ್ಣ ಪೈಪಿನ ಬಾಯಿಯಿಂದ ಪಕ್ಕದ ಮನೆಯ ನಾಲ್ಕಾರು ಹೆಂಚಿನ ಮೇಲೆ ಬೀಳುತ್ತಿದ್ದರೆ, ಎಷ್ಟು ಸಲ ಹೆಂಚು ಕೈಯಾಡಿಸಿದರೂ ಪ್ರಯೋಜನವಿಲ್ಲ.

ಬಿರುಕು ಏನು ಹೇಳುತ್ತದೆ?

ಬಿರುಕಿನ ದಿಕ್ಕು ನೋಡಿ. ಓರೆಯಾಗಿ ಮೆಟ್ಟಿಲಿನಂತೆ ಏರಿದ್ದರೆ ಪಾಯದ ಒಂದು ಭಾಗ ಹೆಚ್ಚು ಕುಸಿದಿರುವ ಸಾಧ್ಯತೆ ಇದೆ. ಎರಡು ಗೋಡೆ ಕೂಡುವ ಮೂಲೆಯಲ್ಲಿ ನೆಟ್ಟಗೆ ಇದ್ದರೆ ಹಳೆಯ ಗೋಡೆಗೂ ಹೊಸ ಗೋಡೆಗೂ ಸರಿಯಾದ ಬೆಸುಗೆ ಇಲ್ಲ. ತೊಲೆ ಕೂತ ಮಟ್ಟದಲ್ಲಿ ಅಡ್ಡಲಾಗಿ ಇದ್ದರೆ ಮಾಡು ಗೋಡೆಯನ್ನು ಹೊರಕ್ಕೆ ತಳ್ಳುತ್ತಿರಬಹುದು. ಬಿರುಕಿನ ಎರಡೂ ಬದಿಗೆ ಪೆನ್ಸಿಲ್ ಗುರುತು ಹಾಕಿ, ಅಂತರ ಅಳೆದು, ತಾರೀಕು ಬರೆಯಿರಿ. ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ. ನಿಂತ ಬಿರುಕಿಗೆ ಗಾರೆ ಸಾಕು. ಬೆಳೆಯುತ್ತಿರುವ ಬಿರುಕಿಗೆ ಗಾರೆ ಹಾಕುವುದೆಂದರೆ ಜ್ವರ ನೋಡದೆ ಥರ್ಮಾಮೀಟರ್ ಮುರಿದಂತೆ.

ಪಕ್ಕದ ಮನೆ ಕೆಡವಿದ್ದರಿಂದ ಗೋಡೆಗೆ ಏನಾಗುತ್ತದೆ ಎಂಬುದಕ್ಕೆ ಲೆಕ್ಕವಿದೆ. ಗೋಡೆಯ ಪರಿಣಾಮಕಾರಿ ಎತ್ತರವನ್ನು ದಪ್ಪದಿಂದ ಭಾಗಿಸಿದರೆ ಸಿಗುವ ಕೃಶತಾ ಅನುಪಾತ, ಅಂದರೆ ನಮ್ಮ ಕ್ಲಾಸಿನ ಸ್ಲೆಂಡರ್‌ನೆಸ್ ರೇಶಿಯೋ, ಎರಡು ಅಂತಸ್ತಿನೊಳಗಿನ ಸುಣ್ಣದ ಗಾರೆಯ ಗೋಡೆಗೆ 20 ದಾಟಬಾರದು ಎನ್ನುತ್ತದೆ ಐಎಸ್ 1905. ನಮ್ಮ ನಡುಗೋಡೆ ಮಾಡಿನ ನೆತ್ತಿಯ ಹತ್ತಿರ 4 ಮೀಟರ್ ಎತ್ತರ ಎಂದುಕೊಳ್ಳಿ. ಎರಡೂ ಕಡೆಯ ತೊಲೆಗಳು ತಲೆಯನ್ನು ಹಿಡಿದಿದ್ದಾಗ ಪರಿಣಾಮಕಾರಿ ಎತ್ತರ 4 ಮೀಟರ್. 4 ಭಾಗಿಸು 0.23, ಸುಮಾರು 17. ಪಾಸು. ಮೂಡಲ ಮನೆಯ ತೊಲೆಗಳನ್ನು ತೆಗೆದ ಮೇಲೆ, ಪಡುವಲ ಮನೆಯ ತೊಲೆ ಸುಮ್ಮನೆ ಕೂತಿದ್ದು ಗೋಡೆಗೆ ಬಿಗಿದಿಲ್ಲದಿದ್ದರೆ, ತಲೆಗೆ ಆಧಾರ ಇಲ್ಲ ಎಂದೇ ಲೆಕ್ಕ. ಆಗ ಪರಿಣಾಮಕಾರಿ ಎತ್ತರ ಒಂದೂವರೆ ಪಟ್ಟು, 6 ಮೀಟರ್. 6 ಭಾಗಿಸು 0.23, ಸುಮಾರು 26. ಫೇಲು. ಗೋಡೆ ಅದೇ, ದಪ್ಪ ಅದೇ, ಅಜ್ಜನ ಕಾಲದ ಗಾರೆಯೂ ಅದೇ. ಬದಲಾದದ್ದು ಪಕ್ಕದ ಆಧಾರ ಮಾತ್ರ. "ನಿಮ್ಮ ಗೋಡೆ ಹಳೇದು" ಎಂಬ ವಾದಕ್ಕೆ ಇದು ಉತ್ತರ.

ಪಾಯದ ವಿಷಯವೂ ಹಾಗೇ. ಅಕ್ಕಪಕ್ಕದ ಪಾಯಗಳು ಬೇರೆ ಬೇರೆ ಆಳದಲ್ಲಿದ್ದರೆ, ಮರಳುಮಿಶ್ರಿತ ನೆಲದಲ್ಲಿ ಅವುಗಳ ಹತ್ತಿರದ ತಳದಂಚುಗಳನ್ನು ಜೋಡಿಸುವ ಗೆರೆಯ ಇಳಿಜಾರು ಲಂಬಕ್ಕೆ 1, ಅಡ್ಡಕ್ಕೆ 2 ಎನ್ನುವುದಕ್ಕಿಂತ ಕಡಿದಾಗಬಾರದು ಎಂದು ಐಎಸ್ 1904 ಹೇಳುತ್ತದೆ. ಹಳೆಯ ಪಾಯ 0.6 ಮೀಟರ್ ಆಳ, ಹೊಸ ಕಾಲಮ್ಮಿನ ಗುಂಡಿ 1.2 ಮೀಟರ್ ಆಳ ಎಂದಾದರೆ ವ್ಯತ್ಯಾಸ 0.6. ಅಂದರೆ ನಡುವೆ 1.2 ಮೀಟರ್ ಅಂತರ ಬೇಕು. ಗೋಡೆಗೆ ತಾಗಿಸಿಯೇ ಗುಂಡಿ ತೋಡಿದರೆ ಹಳೆಯ ಪಾಯದಡಿಯ ಮಣ್ಣು ಗುಂಡಿಗೆ ಜಾರುವ ದಾರಿ ಮಾಡಿಕೊಟ್ಟಂತೆ. ಅನಿವಾರ್ಯವಾದರೆ ಇಡೀ ಉದ್ದ ಒಮ್ಮೆಗೇ ತೋಡದೆ, ತುಂಡು ತುಂಡಾಗಿ ತೋಡಿ, ಕಟ್ಟಿ, ತುಂಬಿ ಮುಂದೆ ಹೋಗಬೇಕು. ಈ ಕೆಲಸ ಮಳೆಗಾಲದಲ್ಲಿ ಬೇಡವೇ ಬೇಡ.

ಕಾನೂನು ಏನು ಹೇಳುತ್ತದೆ?

ನೆರೆಹೊರೆಯ ಕಟ್ಟಡದ ವ್ಯಾಜ್ಯ ಹೊಸದೇನಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದಕ್ಕೆಂದೇ ಒಂದು ಭಾಗವಿದೆ. ಮನೆಗಳ ತಕರಾರನ್ನು ನೆರೆಯವರ ಸಾಕ್ಷ್ಯದ ಮೇಲೆ ತೀರ್ಮಾನಿಸಬೇಕು ಎನ್ನುತ್ತದೆ. ಎರಡು ಮನೆಗಳ ನಡುವೆ ಎಷ್ಟು ಜಾಗ ಬಿಡಬೇಕು, ಮಾಡಿನ ಅಂಚುಗಳು ಹೇಗಿರಬೇಕು ಎಂದೂ ಅದರಲ್ಲಿ ಇದೆ. ಪರಸ್ಪರ ಒಪ್ಪಿಕೊಂಡರೆ ಬೇರೆ ರೀತಿಯಲ್ಲೂ ಕಟ್ಟಬಹುದು, ಆದರೆ ಇನ್ನೊಬ್ಬರಿಗೆ ಕೇಡಾಗಬಾರದು ಎಂಬ ಮಾತೂ ಇದೆ. ಇವತ್ತಿನ ಕಾನೂನಿನ ತಿರುಳೂ ಹೆಚ್ಚುಕಡಿಮೆ ಅಷ್ಟೇ.

ಇವತ್ತು ಮುಖ್ಯವಾಗಿ ನೋಡಬೇಕಾದದ್ದು 1882ರ ಭಾರತೀಯ ಈಸ್‌ಮೆಂಟ್ಸ್ ಕಾಯ್ದೆ. ಇನ್ನೊಬ್ಬರ ಆಸ್ತಿಯ ಮೇಲೆ ನಮ್ಮ ಆಸ್ತಿಗೆ ಇರುವ ಅನುಭೋಗದ ಹಕ್ಕನ್ನು ಈಸ್‌ಮೆಂಟ್ ಎನ್ನುತ್ತಾರೆ. ದಾರಿ, ಬೆಳಕು, ನೀರು ಹರಿಯುವ ಹಕ್ಕು, ಕಟ್ಟಡಕ್ಕೆ ಆಧಾರದ ಹಕ್ಕು ಎಲ್ಲ ಇದರಲ್ಲಿ ಬರುತ್ತವೆ. ನಮಗೆ ಬೇಕಾದ ಕಲಮುಗಳು ಇಷ್ಟು.

ಕಲಂ 15: ಹಕ್ಕೆಂದು, ಶಾಂತವಾಗಿ, ತಡೆಯಿಲ್ಲದೆ 20 ವರ್ಷ ಪಕ್ಕದ ನೆಲದ ಅಥವಾ ಕಟ್ಟಡದ ಆಧಾರ ಪಡೆದಿದ್ದರೆ ಆ ಆಧಾರ ಹಕ್ಕಾಗುತ್ತದೆ.

ಕಲಂ 23: ಹಕ್ಕನ್ನು ಬಳಸುವ ರೀತಿ ಬದಲಿಸಬಹುದು, ಆದರೆ ಪಕ್ಕದವರ ಹೊರೆ ಹೆಚ್ಚಿಸುವಂತಿಲ್ಲ. ಸೂರಿನ ನೀರು ಪಕ್ಕದ ಜಾಗಕ್ಕೆ ಬೀಳುವ ಹಕ್ಕಿದೆ ಎಂದ ಮಾತ್ರಕ್ಕೆ, ಹೊರೆ ಹೆಚ್ಚಾಗುವಂತೆ ಸೂರನ್ನು ಮುಂದಕ್ಕೆ ಚಾಚುವಂತಿಲ್ಲ ಎಂಬ ಉದಾಹರಣೆಯನ್ನು ಕಾಯ್ದೆಯೇ ಕೊಡುತ್ತದೆ. ಹೆಂಚಿನ ಸೂರಿನುದ್ದಕ್ಕೂ ಹರಡಿ ಬೀಳುತ್ತಿದ್ದ ನೀರನ್ನು ತಾರಸಿಯ ಒಂದೇ ಪೈಪಿನಿಂದ ಸುರಿಸಿದರೆ ಇದೇ ಪ್ರಶ್ನೆ ಏಳುತ್ತದೆ.

ಕಲಂ 24: ಹಕ್ಕನ್ನು ಉಳಿಸಿಕೊಳ್ಳಲು ರಿಪೇರಿ ಬೇಕಾದರೆ ಪಕ್ಕದ ಜಾಗಕ್ಕೆ ಹೋಗಿ ಮಾಡಬಹುದು. ಆದರೆ ಆದಷ್ಟು ಕಡಿಮೆ ತೊಂದರೆ ಕೊಟ್ಟು, ಆದ ಹಾನಿಯನ್ನು ಸಾಧ್ಯವಾದಷ್ಟು ಸರಿಪಡಿಸಿ ಬರಬೇಕು.

ಕಲಂ 25, 26, 27: ಹಕ್ಕಿನ ಬಳಕೆಗೆ ಬೇಕಾದ ರಿಪೇರಿಯ ಖರ್ಚು ಹಕ್ಕು ಅನುಭವಿಸುವವರದು. ಪೈಪು, ಕಾಲುವೆಯಂಥ ಕೃತಕ ವ್ಯವಸ್ಥೆಯ ಮೂಲಕ ಹಕ್ಕು ಅನುಭವಿಸುತ್ತಿದ್ದು, ಅದರ ರಿಪೇರಿ ಮಾಡಿಸದೆ ಪಕ್ಕದವರಿಗೆ ಹಾನಿಯಾದರೆ ಪರಿಹಾರವನ್ನೂ ಅವರೇ ಕೊಡಬೇಕು. ಜಾಗದ ಮಾಲೀಕ ತಡೆಯೊಡ್ಡಬಾರದು, ಆದರೆ ಕೈಯಿಂದ ಖರ್ಚು ಮಾಡಿ ಹಕ್ಕನ್ನು ನಡೆಸಿಕೊಡಬೇಕಾಗಿಲ್ಲ.

ಅಂದರೆ ಗೋಡೆ ಪೂರ್ತಿ ಮೂಡಲ ಮನೆಯವರದೇ ಆಗಿದ್ದು, ಪಡುವಲ ಮನೆಯ ತೊಲೆ ಅದರ ಮೇಲೆ ಹಕ್ಕಿನಿಂದ ಕೂತಿದ್ದರೆ, ತೊಲೆ ಕೂತ ಜಾಗದ ರಿಪೇರಿ ಪಡುವಲ ಮನೆಯ ಖರ್ಚು. ಗಡಿಯ ಮೇಲೆ ಇಬ್ಬರ ದುಡ್ಡಲ್ಲಿ ಎದ್ದು, ಇಬ್ಬರೂ ಬಳಸಿಕೊಂಡು ಬಂದ ಗೋಡೆಯನ್ನು, ಪಾಲುಪಟ್ಟಿ ಬೇರೆ ಹೇಳದಿದ್ದರೆ, ಸಾಮಾನ್ಯವಾಗಿ ಜಂಟಿ ಎಂದೇ ನೋಡುತ್ತಾರೆ. ಜಂಟಿ ಗೋಡೆಯನ್ನು ಒಬ್ಬರೇ ರಿಪೇರಿ ಮಾಡಿಸಿ ಇನ್ನೊಬ್ಬರೂ ಲಾಭ ಪಡೆದರೆ, 1872ರ ಕರಾರು ಕಾಯ್ದೆಯ ಕಲಂ 70ರ ಆಧಾರದಲ್ಲಿ ಪಾಲು ಕೇಳಲು ದಾರಿ ಇದೆ. ಕೆಲಸ ಕಾನೂನುಬದ್ಧವಾಗಿರಬೇಕು, ಪುಕ್ಕಟೆ ಉಪಕಾರವೆಂದು ಮಾಡಿರಬಾರದು. ಅದಕ್ಕೇ ಕೆಲಸಕ್ಕೆ ಮುಂಚೆ ಒಂದು ಪತ್ರ ಕೊಟ್ಟಿರಬೇಕು ಎನ್ನುವುದು.

ಪಕ್ಕದಲ್ಲಿ ಗುಂಡಿ ತೋಡುವವರ ಹೊಣೆಗೆ ಹಳೆಯ ಪ್ರಸಿದ್ಧ ತೀರ್ಪು ಒಂದಿದೆ: 1881ರ ಡಾಲ್ಟನ್ ವಿರುದ್ಧ ಆಂಗಸ್, ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್‌ದು. ನ್ಯೂಕ್ಯಾಸಲ್ಲಿನಲ್ಲಿ ತಾಗಿಕೊಂಡಿದ್ದ ಎರಡು ಮನೆಗಳಲ್ಲಿ ಒಂದನ್ನು ಕುದುರೆಗಾಡಿ ಕಾರ್ಖಾನೆ ಮಾಡಿದ್ದರು. 20 ವರ್ಷಕ್ಕೂ ಹೆಚ್ಚು ಕಾಲದ ನಂತರ ಪಕ್ಕದವರು ತಮ್ಮ ಮನೆ ಕೆಡವಿ ನೆಲ ಅಗೆದಾಗ ಕಾರ್ಖಾನೆ ಕುಸಿಯಿತು. ಅಷ್ಟು ವರ್ಷ ಪಡೆದ ಆಧಾರ ಹಕ್ಕಾಗಿದೆ ಎಂದು ತೀರ್ಪಾಯಿತು. ಕೆಲಸವನ್ನು ಕಾಂಟ್ರಾಕ್ಟರ್‌ಗೆ ಕೊಟ್ಟಿದ್ದೆವು ಎಂದು ಮಾಲೀಕರು ತಪ್ಪಿಸಿಕೊಳ್ಳಲೂ ಆಗಲಿಲ್ಲ. ನಮ್ಮಲ್ಲೂ ಕಟ್ಟಡ ಕೆಡವುವಾಗ, ರಿಪೇರಿ ಮಾಡುವಾಗ, ಕಟ್ಟುವಾಗ ಅದು ಕುಸಿದು ಜನರ ಜೀವಕ್ಕೆ ಅಪಾಯವಾಗದಂತೆ ಎಚ್ಚರ ವಹಿಸದಿದ್ದರೆ ಅದು ಭಾರತೀಯ ನ್ಯಾಯ ಸಂಹಿತೆಯ ಕಲಂ 290ರ ಪ್ರಕಾರ ಅಪರಾಧ: 6 ತಿಂಗಳವರೆಗೆ ಸೆರೆವಾಸ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಖರ್ಚು ಹಂಚುವ ಲೆಕ್ಕ

ಈಗ ಎರಡನ್ನೂ ಸೇರಿಸೋಣ. ಜಗಳದಲ್ಲಿ ಸಾಮಾನ್ಯವಾಗಿ ಕೇಳಿಬರುವುದು "ಅರ್ಧ ಅರ್ಧ" ಅಥವಾ "ಒಂದು ಪೈಸೆಯೂ ಕೊಡಲ್ಲ". ಎರಡೂ ಲೆಕ್ಕವಲ್ಲ. ಕೆಲಸವನ್ನು ಬಾಬ್ತುಗಳಾಗಿ ಒಡೆದು, ಪ್ರತಿ ಬಾಬ್ತಿಗೂ ನಮ್ಮ ಎರಡು ಪ್ರಶ್ನೆ ಕೇಳಬೇಕು. ನಡುಗೋಡೆ ಜಂಟಿ ಎಂದಿಟ್ಟುಕೊಂಡು, ಒಟ್ಟು 60,000 ರೂಪಾಯಿ ಕೆಲಸ ಎಂದು ಲೆಕ್ಕಕ್ಕಾಗಿ ಹಿಡಿಯೋಣ.

ಒಂದು, ಮೂಡಲ ಮನೆಯ ಸ್ನಾನದ ಕೋಣೆಯ ಪೈಪು ಸೋರಿ ಗೋಡೆಯ ಬುಡ ಕೆಟ್ಟಿದೆ: 18,000. ಕಾರಣ ಮೂಡಲ, ಖರ್ಚು ಪೂರ್ತಿ ಮೂಡಲ.

ಎರಡು, ಹಳೆಯ ಗಾರೆ ಉದುರಿದ್ದನ್ನು ಕೆರೆದು ಸಂದು ತುಂಬುವುದು: 24,000. ಕಾರಣ ವಯಸ್ಸು, ಬಳಕೆ ಇಬ್ಬರದೂ. ತಲಾ 12,000.

ಮೂರು, ಮಾಡು ಮತ್ತು ಹೊಸ ಗೋಡೆಯ ಸಂದಿಗೆ ತಗಡು: 10,000. ಸಂದು ಹುಟ್ಟಿದ್ದೇ ಗೋಡೆ ಎತ್ತರಿಸಿದ್ದರಿಂದ. ಖರ್ಚು ಮೂಡಲ.

ನಾಲ್ಕು, ಪಡುವಲ ಮನೆಯವರು ಒಡೆದ ಹೆಂಚು ಬದಲಿಸದೆ ಅವರದೇ ತೊಲೆಯ ತುದಿ ಕುಂಬಾಗಿದೆ: 8,000. ಖರ್ಚು ಪಡುವಲ.

ಕೂಡಿದರೆ ಮೂಡಲಕ್ಕೆ 40,000, ಪಡುವಲಕ್ಕೆ 20,000. ಇಬ್ಬರೂ ಮೊದಲು ಹೇಳಿದ ಅಂಕಿ ಇದಲ್ಲ. ಆದರೆ ಪ್ರತಿ ಸಾಲಿಗೂ ಕಾರಣ ಇದೆ. ಕಾರಣ ಇರುವ ಬಿಲ್ಲನ್ನು ಜನ ಗೊಣಗುತ್ತಲಾದರೂ ಒಪ್ಪುತ್ತಾರೆ. ಕಾರಣ ಇಲ್ಲದ ಅರ್ಧ ಅರ್ಧವನ್ನು ಮುಖ ನೋಡಿ ಒಪ್ಪಿದರೂ ಮನಸ್ಸಲ್ಲಿ ಇಟ್ಟುಕೊಳ್ಳುತ್ತಾರೆ.

ಕಾಗದಗಳು

ಮೊದಲು ಪಾಲುಪಟ್ಟಿ ಅಥವಾ ಕ್ರಯಪತ್ರ ತೆಗೆಯಿರಿ. ಚಕ್ಕುಬಂದಿಯಲ್ಲಿ "ಪೂರ್ವಕ್ಕೆ ಇಂಥವರ ಮನೆ" ಎಂದಷ್ಟೇ ಇದೆಯೋ, "ಗೋಡೆಯ ಮಧ್ಯ" ಎಂದಿದೆಯೋ ನೋಡಿ. ಗ್ರಾಮ ಪಂಚಾಯ್ತಿಯ ಇ-ಸ್ವತ್ತು ನಮೂನೆ 9ರಲ್ಲಿ ಅಳತೆ ಸಿಗುತ್ತದೆ. ಅಳತೆಯನ್ನು ಟೇಪಿನಿಂದ ತಾಳೆ ನೋಡಿ. ಕೇಂದ್ರ ಸರ್ಕಾರ 2020ರ ಏಪ್ರಿಲ್ 24ರಂದು ಆರಂಭಿಸಿದ ಸ್ವಾಮಿತ್ವ ಯೋಜನೆಯಲ್ಲಿ ಗ್ರಾಮಠಾಣಾ ಮನೆಗಳನ್ನು ಡ್ರೋನ್‌ನಿಂದ ಅಳೆಯುತ್ತಾರೆ. ಸರ್ವೇಯಿಂಗ್ ಓದಿದ ನಾವು ಇಲ್ಲೊಂದು ವಿಷಯ ಗಮನಿಸಬೇಕು: ಡ್ರೋನಿಗೆ ಮೇಲಿನಿಂದ ಕಾಣುವುದು ಮಾಡು, ಗೋಡೆ ಅಲ್ಲ. ಒಂದೇ ಮಾಡಿನಡಿ ಎರಡು ಮನೆ ಇದ್ದರೆ ನಡುಗೋಡೆ ಅದಕ್ಕೆ ಕಾಣದು. ಹಾರಾಟಕ್ಕೆ ಮುಂಚೆ ನೆಲದ ಮೇಲೆ ಸುಣ್ಣದಲ್ಲಿ ಗಡಿ ಗುರುತಿಸುವಾಗ ಎರಡೂ ಮನೆಯವರು ಹಾಜರಿದ್ದು, ಗೆರೆ ಗೋಡೆಯ ಯಾವ ಮುಖಕ್ಕೆ ಎಂದು ಅಲ್ಲೇ ಹೇಳುವುದು ಒಳ್ಳೆಯದು.

ಮಾತು ಕೂಡಿಬಂದರೆ ಒಪ್ಪಂದ ಬರೆಯಿರಿ. ಗೋಡೆ ಯಾರದು ಅಥವಾ ಜಂಟಿಯೇ, ಕೆಲಸದ ಬಾಬ್ತುಗಳು, ಯಾರ ಪಾಲು ಎಷ್ಟು, ಯಾವ ತಾರೀಕಿನೊಳಗೆ, ಕೆಲಸದವರು ಯಾರ ಅಂಗಳದಲ್ಲಿ ಮಣೆ ಕಟ್ಟುತ್ತಾರೆ, ಹಾಳಾದದ್ದನ್ನು ಯಾರು ಸರಿಮಾಡುತ್ತಾರೆ, ಮುಂದಿನ ರಿಪೇರಿಗೆ ಯಾವ ನಿಯಮ. ಜೊತೆಗೆ ಕೈನಕ್ಷೆ, ತಾರೀಕಿರುವ ಫೋಟೋ, ಎರಡು ಸಾಕ್ಷಿ. ಬರೀ ಖರ್ಚಿನ ಒಪ್ಪಂದಕ್ಕೆ ಇಷ್ಟು ಸಾಕು. ಗೋಡೆಯಲ್ಲಿ ಹೊಸ ಹಕ್ಕು ಹುಟ್ಟಿಸುವ ಅಥವಾ ಬಿಟ್ಟುಕೊಡುವ ಪತ್ರವಾದರೆ ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು. ಇಲ್ಲದಿದ್ದರೆ ಮನೆ ಮಾರಿದ ದಿನ ಮತ್ತೆ ಮೊದಲಿಂದ ಶುರು.

ಒಪ್ಪದಿದ್ದರೆ? ಬಾಗಿಲಿಗೆ ಬೀಗ ಇದ್ದರೆ?

ಇವತ್ತು ಜಗಳಕ್ಕಿಂತ ದೊಡ್ಡ ಸಮಸ್ಯೆ ಬೀಗ. ಪಕ್ಕದ ಮನೆಯವರು ಬೆಂಗಳೂರಲ್ಲಿ ಇರುತ್ತಾರೆ. ಹೆಂಚು ಕೈಯಾಡಿಸುವವರಿಲ್ಲ, ಗೋಡೆಗೆ ಸೋಗೆ ತಟ್ಟಿ ಕಟ್ಟುವವರಿಲ್ಲ. ಖಾಲಿ ಮನೆಯ ಮಾಡು ಕುಸಿದು ನೀರು ನಡುಗೋಡೆಗೆ ಕುಡಿಯುತ್ತದೆ, ಗೋಡೆಯ ಈಚೆ ಬದಿಯಲ್ಲಿ ಅಜ್ಜಿ ಮಲಗಿರುತ್ತಾರೆ. ಇಲ್ಲಿ ಪ್ರಶ್ನೆ ದುಡ್ಡಿನದಲ್ಲ, ಜೀವದ್ದು.

ಮೊದಲ ಕೆಲಸ: ಮಂಚವನ್ನು ಆ ಗೋಡೆಯಿಂದ ದೂರ ಸರಿಸಿ, ತೊಲೆಗೆ ಊರೆಗಂಬ ಕೊಡಿ, ನಮ್ಮ ಕಡೆಯಿಂದ ತಾಡಪಾಲು ಹೊದಿಸಿ. ಬೀಗ ಒಡೆದು ಪಕ್ಕದ ಮನೆಗೆ ನುಗ್ಗಬೇಡಿ. ನಮ್ಮ ಹಕ್ಕಿಗೆ ಅಡ್ಡಿಯಾಗಿದೆ ಎಂದರೂ ಅದನ್ನು ನಾವೇ ಹೋಗಿ ಕಿತ್ತುಹಾಕುವಂತಿಲ್ಲ ಎಂದು ಈಸ್‌ಮೆಂಟ್ಸ್ ಕಾಯ್ದೆಯ ಕಲಂ 36 ಸ್ಪಷ್ಟವಾಗಿ ಹೇಳುತ್ತದೆ. ಫೋನಿನಲ್ಲಿ ಮಾತಾಡಿ, ಫೋಟೋ ಕಳಿಸಿ, ನಂತರ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳಿಸಿ. ಗ್ರಾಮ ಪಂಚಾಯ್ತಿಗೂ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಗೋಡೆ ಬೀಳುವ ಸ್ಥಿತಿಯಲ್ಲೇ ಇದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 152 ಇದೆ. 2024ರ ಜುಲೈ 1ಕ್ಕೆ ಮುಂಚೆ ಇದೇ ಸಿಆರ್‌ಪಿಸಿ ಕಲಂ 133 ಆಗಿತ್ತು. ಕಟ್ಟಡ ಬಿದ್ದು ನೆರೆಯವರಿಗೋ ದಾರಿಹೋಕರಿಗೋ ಅಪಾಯವಾಗುವಂತಿದ್ದರೆ ಅದನ್ನು ತೆಗೆಯಲು, ರಿಪೇರಿ ಮಾಡಲು ಅಥವಾ ಆಧಾರ ಕೊಡಲು ಮಾಲೀಕರಿಗೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ತಾಲ್ಲೂಕಿನಲ್ಲಿ ಆ ಅಧಿಕಾರ ತಹಶೀಲ್ದಾರರಿಗೆ ಇರುತ್ತದೆ. ಅರ್ಜಿಯ ಜೊತೆ ನಿಮ್ಮ ಅಳತೆಗಳು, ತಾರೀಕಿನ ಫೋಟೋಗಳು ಇದ್ದರೆ ಅದಕ್ಕೆ ತೂಕ ಬರುತ್ತದೆ.

ಅಪಾಯ ತಕ್ಷಣದ್ದಲ್ಲ, ತಕರಾರು ಖರ್ಚಿನದು ಮಾತ್ರ ಎಂದಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿ ಮತ್ತು ಲೋಕ ಅದಾಲತ್ ಒಳ್ಳೆಯ ದಾರಿ. ಕೋರ್ಟಿಗೆ ದಾವೆ ಹೂಡುವ ಮೊದಲೇ ಹೋಗಬಹುದು. ಅಲ್ಲಿ ಇಬ್ಬರೂ ಒಪ್ಪಿ ಆದ ತೀರ್ಮಾನಕ್ಕೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಸಿವಿಲ್ ಕೋರ್ಟಿನ ಡಿಕ್ರಿಯ ಬಲ ಇದೆ, ಮೇಲ್ಮನವಿ ಇಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕಡಿಮೆ ಆದಾಯದವರಿಗೆ ಉಚಿತ ವಕೀಲರ ನೆರವೂ ಸಿಗುತ್ತದೆ. ಕೊನೆಗೆ ಸಿವಿಲ್ ಕೋರ್ಟು ಇದ್ದೇ ಇದೆ, ಆದರೆ ಮಣ್ಣಿನ ಗೋಡೆ ವಾಯಿದೆಗಳಿಗೆ ಕಾಯುವುದಿಲ್ಲ.

ನಾವು ಎಲ್ಲಿ ನಿಲ್ಲಬೇಕು?

ವಿದ್ಯಾರ್ಥಿಗಳಾದ ನಮಗೆ ಕಟ್ಟಡ ಸುರಕ್ಷಿತ ಎಂದು ಸರ್ಟಿಫಿಕೇಟ್ ಕೊಡುವ ಅಧಿಕಾರ ಇಲ್ಲ. ಬಿರುಕು ಬೆಳೆಯುತ್ತಿದ್ದರೆ, ಗೋಡೆ ವಾಲಿದ್ದರೆ ಅನುಭವಿ ಸ್ಟ್ರಕ್ಚರಲ್ ಇಂಜಿನಿಯರ್ ಬರಲೇಬೇಕು. ಆದರೆ ಅಳೆಯುವುದು, ಗುರುತು ಹಾಕುವುದು, ನೀರಿನ ದಾರಿ ಹುಡುಕುವುದು, ಬಾಬ್ತು ಬರೆಯುವುದು ನಮ್ಮಿಂದ ಆಗುತ್ತದೆ. ಒಂದೇ ಷರತ್ತು: ಲೆಕ್ಕ ನಮ್ಮ ಮನೆಯ ಪರವಾಗಿ ಇರಬಾರದು. ಪೈಪು ನಮ್ಮದೇ ಆಗಿದ್ದರೆ ಅದನ್ನೂ ಬರೆಯಬೇಕು. ಅಪ್ಪನಿಗೆ ಸ್ವಲ್ಪ ಬೇಜಾರಾಗಬಹುದು. ಆದರೆ ಪಕ್ಕದ ಮನೆಯವರು ಆ ಹಾಳೆಯನ್ನು ನಂಬುವುದು ಆ ಒಂದು ಸಾಲಿನಿಂದಲೇ.

ಹೆಂಚು ಕೈಯಾಡಿಸುವ ಕಾಲ ಮೇ ತಿಂಗಳು. ಗೋಡೆ ನೋಡುವುದಕ್ಕೂ ಅದೇ ಕಾಲ. ಬಿಸಿಲಲ್ಲೂ ಆರದ ಹಸಿ ಆಗ ಎದ್ದು ಕಾಣುತ್ತದೆ, ಮೇಸ್ತ್ರಿ ಸಿಗುತ್ತಾರೆ, ಪಕ್ಕದ ಮನೆಯವರು ರಜೆಗೆ ಊರಿಗೆ ಬಂದಿರುತ್ತಾರೆ. ಈ ಸಲ ಊರಿಗೆ ಹೋಗುವಾಗ ಬ್ಯಾಗಿನಲ್ಲಿ ಒಂದು ಟೇಪು, ಒಂದು ಪೆನ್ಸಿಲ್, ಒಂದು ಪಾಲಿಥೀನ್ ಹಾಳೆ ಇರಲಿ. ಗೋಡೆಯ ಎರಡೂ ಬದಿಗೆ ಹೋಗಿ ನೋಡಿ ಬನ್ನಿ.